ಅದ್ದೂರಿಯೋ, ಆಡಂಬರವೋ: ಅಲಂಕಾರದ ಇಂಗ್ಲಿಷ್ ಪದಗಳನ್ನು ಆರಿಸುವುದು ಹೇಗೆ

ಬೆಂಗಳೂರಲ್ಲಿ ಈಗ ಇಂಗ್ಲಿಷ್ ಬರೆಯುವ ಕೆಲಸ ಯಾರನ್ನೂ ಬಿಟ್ಟಿಲ್ಲ. ಚಿಕ್ಕಪೇಟೆಯ ಸೀರೆ ವ್ಯಾಪಾರಿ ವಾಟ್ಸಾಪ್ ಕ್ಯಾಟಲಾಗ್‌ಗೆ ಎರಡು ಸಾಲು ಬರೆಯಬೇಕು. ಮದುವೆ ಮಂಟಪ ಕಟ್ಟಿಕೊಡುವವರು ಇನ್‌ಸ್ಟಾಗ್ರಾಮ್ ಫೋಟೊ ಕೆಳಗೆ ಏನಾದರೂ ಹಾಕಬೇಕು. ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವವರು, ಕಾಲೇಜಲ್ಲಿ ಪ್ರಬಂಧ ಬರೆಯುವವರು, ಊರಿನ ಜಾತ್ರೆ ಬಗ್ಗೆ ಹೊರಗಿನವರಿಗೆ ಹೇಳಬೇಕು ಅನ್ನುವವರು, ಎಲ್ಲರಿಗೂ ಒಂದೇ ಕಡೆ ಕಾಲು ಎಡವುತ್ತದೆ. ಜೋರಾದ ಅಲಂಕಾರಕ್ಕೆ ಇಂಗ್ಲಿಷಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪದ ಇವೆ. ನಿಘಂಟು ತೆಗೆದರೆ ಅರ್ಧಕ್ಕರ್ಧ ಪದಗಳಿಗೆ ‘ಆಡಂಬರದ’, ‘ವೈಭವದ’, ‘ಥಳಕಿನ’ ಅಂತಲೇ ಅರ್ಥ ಕೊಟ್ಟಿರುತ್ತದೆ. ಹಾಗಾದರೆ ಯಾವುದನ್ನು ಬರೆದರೂ ಆಯಿತು ಅನ್ನಿಸುತ್ತದೆ. ಆದರೆ ಆಗುವುದಿಲ್ಲ.

ಯಾಕೆಂದರೆ ಈ ಪದಗಳು ವಸ್ತು ಹೇಗಿದೆ ಅಂತ ಹೇಳಿ ಸುಮ್ಮನಾಗುವುದಿಲ್ಲ. ಅದನ್ನು ಮಾಡಿಸಿದವರ ಬಗ್ಗೆ, ಉಟ್ಟವರ ಬಗ್ಗೆ, ತೊಟ್ಟವರ ಬಗ್ಗೆ ತೀರ್ಪು ಕೊಡುತ್ತವೆ. ನೀವು ಕೊಡಬೇಕು ಅಂದುಕೊಂಡಿರದ ತೀರ್ಪನ್ನು ಪದ ತಾನಾಗಿ ಕೊಟ್ಟುಬಿಡಬಾರದು. ಈ ಬರಹ ಅದಕ್ಕೆ. ಹೆಜ್ಜೆ ಹೆಜ್ಜೆಯಾಗಿ ಹೋಗೋಣ.

ಮೊದಲ ಹೆಜ್ಜೆ: ಮೆಚ್ಚುತ್ತಿದ್ದೀರೋ, ಇಲ್ಲವೋ, ತೀರ್ಮಾನಿಸಿ

ಪೆನ್ನು ಹಿಡಿಯುವ ಮೊದಲು ಇದೊಂದನ್ನು ನಿಮ್ಮನ್ನೇ ಕೇಳಿಕೊಳ್ಳಿ. ಈ ಅಲಂಕಾರ ನನಗೆ ಇಷ್ಟವಾಯಿತಾ? ಬೇಜಾರಾಯಿತಾ? ಅಥವಾ ಸುಮ್ನೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನಾ? ಮೂರಕ್ಕೂ ಬೇರೆ ಬೇರೆ ಪದ ಇವೆ.

ಇದ್ದದ್ದನ್ನು ಹೇಳುವ ಪದಗಳಲ್ಲಿ ಮೊದಲು ಕಲಿಯಬೇಕಾದ್ದು ‘ಆರ್ನೇಟ್’. ಕೆತ್ತನೆ, ಕುಸುರಿ, ಚಿತ್ತಾರ ಜಾಸ್ತಿ ಇದೆ ಅಂತಷ್ಟೇ ಇದರ ಅರ್ಥ. ವಿಧಾನಸೌಧ ನೋಡಿ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಶುರುವಾಗಿ 1956ರಲ್ಲಿ ಮುಗಿದ ಕಟ್ಟಡ. ಮುಂದಿನ ಮೊಗಸಾಲೆಯ ಕಲ್ಲಿನ ಕಂಬಗಳು, ಮೇಲಿನ ಗುಮ್ಮಟ, ಸಂಪುಟ ಸಭೆಯ ಕೋಣೆಗೆ ಕೆತ್ತನೆ ಮಾಡಿದ ಗಂಧದ ಬಾಗಿಲು. ಇದನ್ನು ‘ಆರ್ನೇಟ್’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಷ್ಟಪಟ್ಟವರೂ ಅದೇ ಪದ ಬಳಸಬಹುದು, ಸರಳ ಕಟ್ಟಡವೇ ಚೆಂದ ಅನ್ನುವವರೂ ಬಳಸಬಹುದು. ಸಂದೇಹ ಬಂದಾಗ ಈ ಪದಕ್ಕೆ ಬನ್ನಿ. ಇದು ಕೈ ಕೊಡುವುದಿಲ್ಲ.

‘ಆರ್ನೇಟ್’ ಪಕ್ಕದಲ್ಲೇ ‘ಇಂಟ್ರಿಕೇಟ್’, ‘ಇಲಾಬೊರೇಟ್’ ಅಂತ ಇನ್ನೆರಡು ಇವೆ. ಈ ಮೂರನ್ನೂ ಕಲಸಬೇಡಿ. ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯ ಮೈಮೇಲಿನ ಒಡವೆ, ಸೊಂಟಪಟ್ಟಿ, ತಲೆಯ ಮೇಲಿನ ಬಳ್ಳಿಯ ಎಲೆಎಲೆಯನ್ನೂ ಬಿಡಿಸಿದ ಉಳಿಯ ಕೆಲಸ ‘ಇಂಟ್ರಿಕೇಟ್’. ಹತ್ತಿರ ಹೋಗಿ ನೋಡಿದಷ್ಟೂ ಕಾಣುವ ಸೂಕ್ಷ್ಮಕ್ಕೆ ಈ ಪದ. ಮೆತ್ತಗಿನ ಬಳಪದ ಕಲ್ಲು ಇದ್ದದ್ದರಿಂದ ಆ ಮಟ್ಟದ ಕೆಲಸ ಆಯಿತು. ‘ಇಲಾಬೊರೇಟ್’ ಅಂದರೆ ತುಂಬಾ ಯೋಚಿಸಿ, ತುಂಬಾ ಭಾಗಗಳನ್ನು ಸೇರಿಸಿ ಮಾಡಿದ್ದು. ದಸರಾ ಗೊಂಬೆ ಕೂರಿಸುವಾಗ ಮೆಟ್ಟಿಲು ಕಟ್ಟಿ, ಕೆರೆ ಮಾಡಿ, ಪಾರ್ಕ್ ಮಾಡಿ, ಮದುವೆ ಮೆರವಣಿಗೆ ಸಾಲು ಜೋಡಿಸುತ್ತಾರಲ್ಲ, ಅದು ‘ಇಲಾಬೊರೇಟ್’. ಅದರಲ್ಲಿ ಒಂದೊಂದು ಗೊಂಬೆಯೂ ಸಾದಾ ಇರಬಹುದು, ಜೋಡಣೆ ದೊಡ್ಡದು.

ಮೆಚ್ಚುಗೆ ಇದ್ದಾಗ ಹಣ ಮತ್ತು ಸಮೃದ್ಧಿಯ ಪದಗಳು ಬರುತ್ತವೆ: ‘ಆಪ್ಯುಲೆಂಟ್’, ‘ಲ್ಯಾವಿಶ್’, ‘ಸಂಪ್ಚುಯಸ್’. ಇವು ಮೂರೂ ಶ್ರೀಮಂತಿಕೆಯನ್ನೇ ಹೇಳಿದರೂ ಹೇಳುವ ಕಡೆ ಬೇರೆ. ‘ಆಪ್ಯುಲೆಂಟ್’ ಅಂದರೆ ಸಂಪತ್ತು ಕಣ್ಣಿಗೆ ಕಾಣುವಂತೆ ಇರುವುದು. ಬೆಂಗಳೂರು ಅರಮನೆಯ ಒಳಗಿನ ಮರದ ಕೆತ್ತನೆ, ದೊಡ್ಡ ಹಜಾರಗಳಿಗೆ ಸರಿ. ‘ಲ್ಯಾವಿಶ್’ ಅಂದರೆ ಕೈ ಹಿಡಿಯದೆ ಖರ್ಚು ಮಾಡಿದ್ದು, ಕೊಟ್ಟಿದ್ದು. ಹಳೆಯ ಫ್ರೆಂಚಿನಲ್ಲಿ ಜಡಿಮಳೆಗೆ ಇದ್ದ ಪದದಿಂದ ಇದು ಬಂತು. ನಮ್ಮ ‘ಅದ್ದೂರಿ ಮದುವೆ’ಗೆ ಹೊಂದುವುದು ಇದೇ. ‘ಸಂಪ್ಚುಯಸ್’ ನಾಲಿಗೆ, ಕಣ್ಣು, ಕೈಗೆ ಸಿಗುವ ಸುಖಕ್ಕೆ: ಭರ್ಜರಿ ಊಟ, ದಪ್ಪ ರೇಷ್ಮೆ, ಮೆತ್ತನೆ ವೆಲ್ವೆಟ್. ಕಟ್ಟಡದ ಗೋಪುರಕ್ಕೆ ‘ಸಂಪ್ಚುಯಸ್’ ಅಂದರೆ ಕಿವಿಗೆ ಒಗ್ಗುವುದಿಲ್ಲ.

ಎರಡನೇ ಹೆಜ್ಜೆ: ಇಷ್ಟವಾಗಲಿಲ್ಲ ಎಂದಾದರೆ, ತೊಂದರೆ ಎಲ್ಲಿದೆ ಅಂತ ಹುಡುಕಿ

ಈ ಹೆಜ್ಜೆಯಲ್ಲಿ ಅವಸರ ಬೇಡ. ತೆಗಳುವ ಪದಗಳನ್ನು ಒಂದರ ಬದಲು ಇನ್ನೊಂದು ಬಳಸುವುದು ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು. ತೊಂದರೆ ಬಣ್ಣದಲ್ಲಿದೆಯಾ, ಬೆಳಕಿನಲ್ಲಿದೆಯಾ, ವಸ್ತುವಿನ ಗುಣದಲ್ಲಿದೆಯಾ, ಇಲ್ಲ ಮನುಷ್ಯನ ಮನಸ್ಸಿನಲ್ಲಿದೆಯಾ? ಇದಕ್ಕೆ ಉತ್ತರ ಸಿಕ್ಕಿದ ಕೂಡಲೇ ಪದವೂ ಸಿಗುತ್ತದೆ.

ತೊಂದರೆ ಬರೀ ಬಣ್ಣ ಮತ್ತು ಬೆಳಕಿನದ್ದಾದರೆ ‘ಗೇರಿಶ್’. ಕನ್ನಡದಲ್ಲಿ ‘ಕಣ್ಣಿಗೆ ರಾಚುತ್ತದೆ’ ಅನ್ನುತ್ತೇವಲ್ಲ, ಅದು ಸರಿಯಾಗಿ ಇದೇ. ಫಂಕ್ಷನ್ ಹಾಲ್ ಮುಂದೆ ನೇರಳೆಯಿಂದ ಹಸಿರಿಗೆ, ಹಸಿರಿಂದ ಗುಲಾಬಿಗೆ ತಿರುಗುತ್ತಾ ಇರುವ ಎಲ್‌ಇಡಿ ಲೈಟ್ ‘ಗೇರಿಶ್’. ಅದು ದುಬಾರಿಯೋ ಅಗ್ಗವೋ ಎಂಬ ಮಾತು ಈ ಪದದಲ್ಲಿ ಇಲ್ಲ. ಕಣ್ಣಿಗೆ ಹಿಂಸೆ, ಅಷ್ಟೇ.

ಬಣ್ಣದ ಜೊತೆ ಅಲಂಕಾರವೂ ಅತಿಯಾದರೆ ‘ಗಾಡಿ’. ಜಿ, ಎ, ಯು, ಡಿ, ವೈ ಅಂತ ಬರೆಯುವ ಪದ. ಬೆಂಗಳೂರಿನ ಮನೆಗಳಲ್ಲಿ ಇದು ಈಗ ಕನ್ನಡದ ಪದದಂತೆಯೇ ಓಡಾಡುತ್ತಿದೆ. ‘ಆ ಕಲರ್ ಬೇಡಮ್ಮ, ತುಂಬಾ ಗಾಡಿ’ ಅಂತ ಮಗಳು ಅಂಗಡಿಯಲ್ಲೇ ಹೇಳಿಬಿಡುತ್ತಾಳೆ. ಅವಳು ಸರಿಯಾಗಿಯೇ ಬಳಸಿದ್ದಾಳೆ. ಆದರೆ ಕೆಲವರು ‘ಗ್ರ್ಯಾಂಡ್’ ಅನ್ನುವ ಅರ್ಥದಲ್ಲಿ ಇದನ್ನು ಬರೆಯುತ್ತಾರೆ. ಹಾಗೆ ಬರೆದರೆ ನಿಮ್ಮ ಸೀರೆಯನ್ನು ನೀವೇ ಬೈದಂತೆ. ಬಾರ್ಸಿಲೋನಾದ ವಾಸ್ತುಶಿಲ್ಪಿ ಆಂಟೊನಿ ಗೌಡಿಯ ಹೆಸರಿಂದ ಈ ಪದ ಬಂತು ಅನ್ನುವ ಕಥೆಯೂ ಓಡಾಡುತ್ತಿದೆ. ಅದು ಸುಳ್ಳು. ಆತ ಹುಟ್ಟಿದ್ದು 1852ರಲ್ಲಿ. ಪದ 16ನೇ ಶತಮಾನದಲ್ಲೇ ಬಳಕೆಯಲ್ಲಿತ್ತು. ಆಕ್ಸ್‌ಫರ್ಡಿನ ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಗಳ ಔತಣಕ್ಕೂ ಇದೇ ಅಕ್ಷರಗಳ ‘ಗಾಡಿ’ ಎಂಬ ನಾಮಪದ ಇದೆ. ಅದು ಲ್ಯಾಟಿನ್ನಿನ ‘ಸಂತೋಷ’ದಿಂದ ಬಂದದ್ದು, ಅಲ್ಲಿ ಯಾವ ಬೈಗುಳವೂ ಇಲ್ಲ.

ವಸ್ತುವೇ ಅಗ್ಗದ್ದು, ಆದರೆ ದುಬಾರಿಯಂತೆ ಹೊಳೆಯುತ್ತಿದೆ ಅಂದರೆ ‘ಟಾಡ್ರಿ’. ಇದರ ಕಥೆ ತಿಳಿದರೆ ಪದ ಮರೆಯುವುದಿಲ್ಲ. ಇಂಗ್ಲೆಂಡಿನ ಈಲಿ ಎಂಬ ಊರಲ್ಲಿ ಆಡ್ರಿ ಎಂಬ ಸಂತಳಿದ್ದಳು. ಸತ್ತದ್ದು 679ರಲ್ಲಿ, ಕುತ್ತಿಗೆಯಲ್ಲಿ ಗಡ್ಡೆ ಎದ್ದು. ಚಿಕ್ಕವಳಿದ್ದಾಗ ಹಾರಗಳ ಮೇಲೆ ಆಸೆಪಟ್ಟದ್ದಕ್ಕೆ ಇದು ಶಿಕ್ಷೆ ಅಂತ ಆಕೆ ನಂಬಿದ್ದಳಂತೆ. ಆಮೇಲೆ ಆಕೆಯ ಹೆಸರಿನ ಜಾತ್ರೆಯಲ್ಲಿ ಕುತ್ತಿಗೆಗೆ ಕಟ್ಟುವ ರೇಷ್ಮೆ ಪಟ್ಟಿ ಮಾರುತ್ತಿದ್ದರು. ‘ಸೇಂಟ್ ಆಡ್ರಿ ಲೇಸ್’ ಬಾಯಿಂದ ಬಾಯಿಗೆ ಹೋಗಿ ‘ಟಾಡ್ರಿ ಲೇಸ್’ ಆಯಿತು. ಮೊದಮೊದಲು ಅದು ಒಳ್ಳೆಯ ಮಾಲೇ. ಕಾಲ ಹೋದಂತೆ ಜಾತ್ರೆಯ ಮಾಲು ಕಳಪೆಯಾಯಿತು, ಹೆಸರೂ ಕಳಪೆಗೆ ನಿಂತಿತು.

ಇದನ್ನು ಕಣ್ಣಾರೆ ತಿಳಿಯಬೇಕಾದರೆ ಚಿಕ್ಕಪೇಟೆಯ ಯಾವುದಾದರೂ ರೇಷ್ಮೆ ಅಂಗಡಿಯಲ್ಲಿ ಎರಡು ಸೀರೆಯ ಅಂಚನ್ನು ಪಕ್ಕಪಕ್ಕ ಇಟ್ಟು ನೋಡಿ. ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಬೆಳ್ಳಿಯ ತೆಳು ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಅದರ ಹೊಳಪು ಮೆತ್ತಗೆ, ಸ್ವಲ್ಪ ಮಬ್ಬು. ಅಂಚು ಕೈಗೆ ತೂಕ ಸಿಗುತ್ತದೆ. ‘ಟೆಸ್ಟೆಡ್ ಜರಿ’ ಅನ್ನುವುದರಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರ. ಇನ್ನೂ ಕೆಳಗೆ ಹೋದರೆ ಲೋಹದಂತೆ ಮಿನುಗುವ ಪಾಲಿಯೆಸ್ಟರ್ ಎಳೆ. ದೂರದಿಂದ ನೋಡಿದರೆ ಇದೇ ಎಲ್ಲಕ್ಕಿಂತ ಜಾಸ್ತಿ ಮಿನುಗುತ್ತದೆ. ಮೊದಲನೆಯದಕ್ಕೆ ‘ಸಂಪ್ಚುಯಸ್’ ಅನ್ನಬಹುದು, ‘ರಿಚ್’ ಅನ್ನಬಹುದು. ಪಾಲಿಯೆಸ್ಟರ್ ಎಳೆಯ ಸೀರೆಯನ್ನು ಅಸಲಿ ಅಂತ ಹೇಳಿ ಮಾರಿದರೆ ಆಗ ‘ಟಾಡ್ರಿ’ ಪೂರ್ತಿ ಹೊಂದುತ್ತದೆ. ಆದರೆ ಐನೂರು ರೂಪಾಯಿ ಸೀರೆಯನ್ನು ಐನೂರು ರೂಪಾಯಿ ಸೀರೆ ಅಂತಲೇ ಮಾರಿ, ಒಬ್ಬ ತಾಯಿ ಅದನ್ನು ಹಬ್ಬಕ್ಕೆ ಖುಷಿಯಿಂದ ಉಟ್ಟರೆ ಅದನ್ನು ‘ಟಾಡ್ರಿ’ ಅನ್ನುವುದು ಅನ್ಯಾಯ. ಅಲ್ಲಿ ಮೋಸ ಇಲ್ಲ. ‘ಇನೆಕ್ಸ್‌ಪೆನ್ಸಿವ್’, ‘ಬ್ರೈಟ್’, ‘ಚಿಯರ್‌ಫುಲ್’ ಇವೆಯಲ್ಲ, ಅವು ಸಾಕು.

ಜರಿಯ ಮಾತು ಬಂದದ್ದಕ್ಕೆ ‘ಟಿನ್ಸೆಲ್’ ಅನ್ನುವುದನ್ನೂ ಹೇಳಿಬಿಡುತ್ತೇನೆ. ಫ್ರೆಂಚಿನ ‘ಕಿಡಿ’ ಎಂಬ ಪದದ ಮೂಲದಿಂದ ಬಂದದ್ದು. ಒಂದು ಕಾಲಕ್ಕೆ ಚಿನ್ನ ಬೆಳ್ಳಿಯ ಎಳೆ ಸೇರಿಸಿ ನೇಯ್ದ ಬಟ್ಟೆಯ ಹೆಸರು. ಈಗ ಕ್ರಿಸ್‌ಮಸ್ ಮರಕ್ಕೆ ಸುತ್ತುವ ಮಿನುಗು ಪಟ್ಟಿ. ಸಿನಿಮಾ ಪುಟದವರು ‘ಟಿನ್ಸೆಲ್ ಟೌನ್’ ಅಂತ ಬರೆಯುವಾಗ ಅದರಲ್ಲಿ ‘ಹೊರಗೆ ಥಳಕು, ಒಳಗೆ ಹುಳುಕು’ ಅನ್ನುವ ಧ್ವನಿ ಸೇರಿಕೊಂಡಿರುತ್ತದೆ. ನಮ್ಮ ಕಲಾವಿದರನ್ನು ಹೊಗಳುವ ಲೇಖನದಲ್ಲಿ ಅದನ್ನು ಹಾಕುವ ಮುಂಚೆ ಇನ್ನೊಮ್ಮೆ ಯೋಚಿಸಿ.

ಇನ್ನು ಮನಸ್ಸಿನ ಮಾತು. ತೊಂದರೆ ವಸ್ತುವಿನಲ್ಲಿ ಇಲ್ಲ, ‘ಎಲ್ಲರೂ ನನ್ನನ್ನೇ ನೋಡಲಿ’ ಅನ್ನುವ ಆಸೆಯಲ್ಲಿದೆ ಅಂದರೆ ‘ಆಸ್ಟೆಂಟೇಶಸ್’. ಲ್ಯಾಟಿನ್ನಿನ ‘ತೋರಿಸು’ ಎಂಬುದರಿಂದ ಬಂದದ್ದು. ಕನ್ನಡದ ‘ಡೌಲು’, ‘ಡಂಬಾಚಾರ’ ಇದಕ್ಕೆ ಹತ್ತಿರ. ಪರೀಕ್ಷೆ ಸುಲಭ. ನೋಡುವವರು ಯಾರೂ ಇಲ್ಲದಿದ್ದರೆ ಇದನ್ನು ಮಾಡುತ್ತಿದ್ದರಾ? ಮಾಡುತ್ತಿರಲಿಲ್ಲ ಎಂದಾದರೆ ಪದ ಸರಿ. ಹಾಗಾಗಿ ಅಜ್ಜಿ ತನ್ನ ಖುಷಿಗೆ ದೇವರ ಮನೆಯಲ್ಲಿ ಮಾಡಿದ ಅಲಂಕಾರ ಎಷ್ಟೇ ಜೋರಾಗಿದ್ದರೂ ‘ಆಸ್ಟೆಂಟೇಶಸ್’ ಆಗುವುದಿಲ್ಲ. ಇನ್ನೊಂದು ಕಡೆ, ಏನೂ ಅಲಂಕಾರ ಇಲ್ಲದ್ದೂ ಹಾಗಾಗಬಹುದು. ಹತ್ತು ಜನ ನೋಡಲಿ ಅಂತಲೇ ಒರಟು ಬಿಳಿ ಬಟ್ಟೆ ಹಾಕಿಕೊಂಡು ವೇದಿಕೆ ಹತ್ತುವ ಸರಳತೆಗೂ ಇಂಗ್ಲಿಷಿನಲ್ಲಿ ಈ ಪದ ಹಾಕುತ್ತಾರೆ. ಎಲ್ಲರಿಗೂ ಕಾಣುವಂತೆ ಗಡಿಯಾರ ನೋಡಿಕೊಳ್ಳುವುದಕ್ಕೂ ಹಾಕುತ್ತಾರೆ. ಪತ್ರಿಕೆಗೆ ಬರೆಯುವವರಿಗೆ ಈ ವ್ಯತ್ಯಾಸ ದೊಡ್ಡದು. ಮದುವೆಯನ್ನು ‘ಲ್ಯಾವಿಶ್’ ಅಂದರೆ ಖರ್ಚಿನ ವರದಿ. ‘ಆಸ್ಟೆಂಟೇಶಸ್’ ಅಂದರೆ ಆ ಮನೆಯವರ ಸ್ವಭಾವದ ಮೇಲೆ ಆರೋಪ. ಅದಕ್ಕೆ ಆಧಾರ ಬೇಕು.

‘ಫ್ಲ್ಯಾಶಿ’ ನಮ್ಮ ‘ಷೋಕಿ’. ಚಕ್ಕನೆ ಕಣ್ಣು ಸೆಳೆಯುವ, ಆಳ ಇಲ್ಲದ ಹೊಳಪು. ‘ಗ್ಲಿಟ್ಜಿ’ ಸಿನಿಮಾ ಪ್ರಶಸ್ತಿ ಸಮಾರಂಭದ ಮಿಂಚು, ಅರ್ಧ ಮೆಚ್ಚುಗೆ ಅರ್ಧ ಅನುಮಾನ. ‘ಬ್ಲಿಂಗ್’ 1990ರ ದಶಕದಲ್ಲಿ ಅಮೆರಿಕದ ಹಿಪ್‌ಹಾಪ್ ಹಾಡುಗಾರರಿಂದ ಹಬ್ಬಿದ್ದು, ಕುತ್ತಿಗೆ ತುಂಬ ದಪ್ಪ ಸರ, ಬೆರಳು ತುಂಬ ಉಂಗುರ. ‘ಟ್ಯಾಕಿ’ ಅಂದರೆ ಅಭಿರುಚಿ ಇಲ್ಲದ್ದು. ಬಣ್ಣ ಬಳಿಯುವವರು ಇನ್ನೂ ಒಣಗದೆ ಅಂಟುವ ಪೇಂಟಿಗೂ ‘ಟ್ಯಾಕಿ’ ಅನ್ನುತ್ತಾರೆ, ಅದು ಬೈಗುಳವಲ್ಲ.

ಮೂರನೇ ಹೆಜ್ಜೆ: ಪದದ ಪಕ್ಕ ಯಾವ ನಾಮಪದ ಕೂರುತ್ತದೆ ನೋಡಿ

ಅರ್ಥ ಸರಿ ಇದ್ದರೂ ಜೋಡಿ ತಪ್ಪಾದರೆ ವಾಕ್ಯ ಕುಂಟುತ್ತದೆ. ‘ಗೇರಿಶ್’ ಬಣ್ಣ, ದೀಪ, ಮೇಕಪ್ಪಿನ ಜೊತೆ. ‘ಗಾಡಿ’ ಒಡವೆ, ಬಟ್ಟೆ, ಪರದೆಯ ಜೊತೆ. ‘ಟಾಡ್ರಿ’ ಒಡವೆಯ ಜೊತೆಗೂ ಇರುತ್ತದೆ, ಹಗರಣದ ಜೊತೆಗೂ ಇರುತ್ತದೆ. ‘ಟಾಡ್ರಿ ಅಫೇರ್’ ಅಂದರೆ ಹೊಲಸು ವ್ಯವಹಾರ. ಮದುವೆ ಸಮಾರಂಭಕ್ಕೆ ಇಂಗ್ಲಿಷಿನಲ್ಲಿ ‘ಅಫೇರ್’ ಅನ್ನುವುದುಂಟು. ಅದರ ಹಿಂದೆ ಅಪ್ಪಿತಪ್ಪಿ ‘ಟಾಡ್ರಿ’ ಬಂದರೆ ಎರಡೂ ಮನೆಯವರು ಮಾತು ಬಿಡುತ್ತಾರೆ.

‘ಫ್ಲ್ಯಾಂಬಾಯಂಟ್’ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದು ನಮ್ಮ ಬೀದಿಯಲ್ಲೇ ಇದೆ. ಫ್ರೆಂಚಿನಲ್ಲಿ ಇದರ ಅರ್ಥ ‘ಉರಿಯುವ’. ಕಲ್ಲಿನ ಕಿಟಕಿಗಳಲ್ಲಿ ಜ್ವಾಲೆಯಂತೆ ಬಳುಕುವ ಕೆತ್ತನೆ ಇರುವ ಹಳೆಯ ಫ್ರೆಂಚ್ ಚರ್ಚುಗಳ ಶೈಲಿಗೆ ಮೊದಲು ಈ ಹೆಸರು. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ರಸ್ತೆಗಳ ಮೇಲೆ ಕೆಂಪು ಹಾಸುವ ಗುಲ್‌ಮೊಹರ್ ಮರಕ್ಕೂ ಇಂಗ್ಲಿಷಿನಲ್ಲಿ ‘ಫ್ಲ್ಯಾಂಬಾಯಂಟ್’ ಎಂಬ ಹೆಸರಿದೆ. ಮಡಗಾಸ್ಕರ್‌ನಿಂದ ಬಂದ ಮರ. ಎಲೆ ಕಡಿಮೆಯಾಗಿ ಇಡೀ ಮರ ಕೆಂಪಾಗಿ ನಿಂತದ್ದನ್ನು ಒಮ್ಮೆ ನೋಡಿದರೆ ಈ ಪದದ ಧ್ವನಿ ತಿಳಿಯುತ್ತದೆ. ಧೈರ್ಯ ಇದೆ, ಜೀವ ಇದೆ, ನಾಚಿಕೆ ಇಲ್ಲ. ಅದಕ್ಕೇ ಇದು ಮನುಷ್ಯರ ನಡೆ, ಉಡುಪು, ಆಟಕ್ಕೆ ಒಪ್ಪುತ್ತದೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಒಬ್ಬ ಬ್ಯಾಟರ್ ಮುಂದೆ ನುಗ್ಗಿ ಕವರ್ ಮೇಲಿಂದ ಹೊಡೆದರೆ ‘ಫ್ಲ್ಯಾಂಬಾಯಂಟ್’ ಅನ್ನಿ, ಅದು ಹೊಗಳಿಕೆ. ‘ಫ್ಲ್ಯಾಶಿ’ ಅಂದರೆ ನೋಡಕ್ಕೆ ಚೆಂದ ಆದರೆ ನೆಚ್ಚಿಕೊಳ್ಳೋ ಹಾಗಿಲ್ಲ ಅಂದಂತೆ.

ಗಿಡಮರಗಳ ವಿಷಯದಲ್ಲಿ ‘ಶೋಯಿ’ ಎಂಬ ಪದಕ್ಕೂ ಬೇರೆಯದೇ ಮರ್ಯಾದೆ. ಬಟ್ಟೆಯನ್ನು ‘ಶೋಯಿ’ ಅಂದರೆ ಸಣ್ಣ ಕೊಂಕು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಹೂವನ್ನು ‘ಶೋಯಿ’ ಅಂದರೆ ಎದ್ದು ಕಾಣುವ ದೊಡ್ಡ ಹೂವು ಅಂತ, ತೋಟಗಾರಿಕೆಯವರ ನೇರ ವಿವರಣೆ. ಬೇಸಿಗೆಯಲ್ಲಿ ನೇರಳೆ ಗೊಂಚಲು ಬಿಡುವ ಹೊಳೆ ದಾಸವಾಳದ ಸಸ್ಯಶಾಸ್ತ್ರದ ಹೆಸರು ‘ಲ್ಯಾಗರ್‌ಸ್ಟ್ರೋಮಿಯಾ ಸ್ಪೆಸಿಯೋಸಾ’. ಆ ‘ಸ್ಪೆಸಿಯೋಸಾ’ ಅಂದರೆ ಕಣ್ಸೆಳೆಯುವ, ಸುಂದರ. ಅದೇ ಬೇರಿನಿಂದ ಬಂದ ಇಂಗ್ಲಿಷಿನ ‘ಸ್ಪೀಶಸ್’ (ಎಸ್, ಪಿ, ಇ, ಸಿ, ಐ, ಒ, ಯು, ಎಸ್) ಮಾತ್ರ ನೋಡಲು ಸರಿ ಅನ್ನಿಸಿ ಒಳಗೆ ಟೊಳ್ಳಾದ ವಾದಕ್ಕೆ ಹೋಗಿ ಕೂತಿದೆ.

‘ಫ್ಲಾರಿಡ್’ ಹೂವಿನಿಂದ ಬಂದದ್ದಾದರೂ ಹೂವಿನ ಅಲಂಕಾರಕ್ಕೆ ಅಲ್ಲ. ಅದು ಅತಿ ಅಲಂಕಾರದ ಬರವಣಿಗೆಗೆ, ಇಲ್ಲವೇ ಕೆಂಪೇರಿದ ಮುಖಕ್ಕೆ. ಹೂವಿನ ವಿನ್ಯಾಸಕ್ಕೆ ‘ಫ್ಲೋರಲ್’. ಮಂಟಪದವರು ಈ ಎರಡನ್ನು ಕಲಸುವುದು ಜಾಸ್ತಿ, ಅದಕ್ಕೇ ಹೇಳಿದೆ.

‘ಬರೋಕ್’ ಮತ್ತು ‘ರೊಕೊಕೊ’ ಯುರೋಪಿನ ಕಲಾ ಶೈಲಿಗಳ ಹೆಸರು. ಮೊದಲನೆಯದು 17ನೇ ಶತಮಾನದ್ದು, ದೊಡ್ಡದು, ಗಂಭೀರ. ಎರಡನೆಯದು 18ನೇ ಶತಮಾನದ್ದು, ಹಗುರ, ಚಿಪ್ಪು ಬಳ್ಳಿಗಳ ನಾಜೂಕು. ನಮ್ಮ ಹೊಯ್ಸಳ ಗುಡಿಗಳನ್ನು ‘ಬರೋಕ್’ ಅಂತ ಕರೆಯಬೇಡಿ. ಬೇಲೂರಿನ ಗುಡಿ 1117ರದ್ದು. ಐನೂರು ವರ್ಷ ಆಮೇಲೆ ಬಂದ ಶೈಲಿಯ ಹೆಸರನ್ನು ಅದಕ್ಕೆ ಅಂಟಿಸುವ ಅಗತ್ಯ ಏನಿದೆ? ‘ಹೊಯ್ಸಳ’ ಅನ್ನುವುದೇ ಶೈಲಿಯ ಹೆಸರು. ಅದನ್ನೇ ಬರೆಯಿರಿ.

ನಾಲ್ಕನೇ ಹೆಜ್ಜೆ: ಕ್ರಿಯಾಪದ ಆರಿಸಿ

ಎಲ್ಲದಕ್ಕೂ ‘ಡೆಕೊರೇಟೆಡ್’ ಅಂತ ಬರೆದು ಮುಗಿಸುವ ಅಭ್ಯಾಸ ಇದೆ. ತಪ್ಪೇನಲ್ಲ, ಆದರೆ ಇದಕ್ಕಿಂತ ಒಳ್ಳೆಯ ಪದಗಳು ಇವೆ.

‘ಅಡಾರ್ನ್’ನಲ್ಲಿ ಗೌರವ ಇದೆ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಮಲ್ಲಿಗೆಯ ರಾಶಿಯೇ ಗೋಪುರವಾದಂತೆ ತಲೆಯ ಮೇಲೆ ಕರಗ, ಹೆಣ್ಣಿನ ಉಡುಪಿನಲ್ಲಿ ಕರಗ ಹೊತ್ತವರು, ಸುತ್ತ ಕತ್ತಿ ಹಿಡಿದ ವೀರಕುಮಾರರು. ಇಲ್ಲಿ ‘ಡೆಕೊರೇಟೆಡ್’ ಸಪ್ಪೆ. ‘ಅಡಾರ್ನ್ಡ್ ವಿತ್ ಜ್ಯಾಸ್ಮಿನ್’ ಅಂತ ಬರೆಯಿರಿ.

‘ಡೆಕ್’, ‘ಬಿಡೆಕ್’ ಹಬ್ಬದ ಸಡಗರಕ್ಕೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಹಳದಿ ಕೆಂಪು ಬಾವುಟ, ಹೂವು ಕಟ್ಟಿಕೊಂಡು ನಿಲ್ಲುವ ಆಟೊಗಳು ‘ಡೆಕ್ಡ್ ಔಟ್ ಇನ್ ಯೆಲ್ಲೊ ಆ್ಯಂಡ್ ರೆಡ್’. ಬಣ್ಣ, ಬಟ್ಟೆ ಆದರೆ ‘ಇನ್’. ವಸ್ತುಗಳಾದರೆ ‘ವಿತ್’.

‘ಫೆಸ್ಟೂನ್’ ಅಂದರೆ ಎರಡು ತುದಿ ಕಟ್ಟಿ ನಡುವೆ ಜೋತುಬಿಟ್ಟ ಹೂಮಾಲೆ. ಇಂಗ್ಲಿಷಿನ ‘ಫೆಸ್ಟಿವಲ್’ ಪದದ ಮೂಲವೇ ಇದಕ್ಕೂ. ಆಯುಧಪೂಜೆಯ ದಿನ ಚೆಂಡು ಹೂವಿನ ಸರ ಮುಂದುಗಡೆ ಜೋತು ಬಿದ್ದ ಲಾರಿ, ಬಸ್ಸಿಗೆ ಇದಕ್ಕಿಂತ ಸರಿಯಾದ ಪದ ಇಲ್ಲ. ಎರಡು ಬದಿಗೆ ನಿಲ್ಲಿಸಿದ ಬಾಳೆಕಂದಿಗೆ ಮಾತ್ರ ಇದು ಹೊಂದುವುದಿಲ್ಲ, ಅದು ಜೋತಿಲ್ಲವಲ್ಲ.

‘ಎಂಬೆಲಿಶ್’ ಬಟ್ಟೆಗೆ ಸರಿ: ಕುಸುರಿ, ಮಣಿ, ಕನ್ನಡಿ ಹಚ್ಚಿ ಚೆಂದ ಮಾಡುವುದು. ಆದರೆ ಮಾತಿಗೆ, ಕಥೆಗೆ ಬಂದರೆ ‘ಉಪ್ಪು ಖಾರ ಹಚ್ಚಿ ಹೇಳುವುದು’ ಅಂತ ಅರ್ಥ. ಕೆಲಸಕ್ಕೆ ಅರ್ಜಿ ಹಾಕುವವರು ರೆಸ್ಯೂಮೆಯನ್ನು ‘ಎಂಬೆಲಿಶ್’ ಮಾಡಿದೆ ಅಂತ ಬರೆಯಬಾರದು. ಸುಳ್ಳು ಸೇರಿಸಿದೆ ಅಂತ ಒಪ್ಪಿಕೊಂಡಂತೆ. ‘ಗಾರ್ನಿಶ್’ ಅಡುಗೆಗೆ ಮಾತ್ರ. ಉಪ್ಪಿಟ್ಟಿನ ಮೇಲಿನ ಕೊತ್ತಂಬರಿ, ತೆಂಗಿನ ತುರಿ. ಕೋರ್ಟಿನಲ್ಲಿ ‘ಗಾರ್ನಿಶೀ ಆರ್ಡರ್’ ಅಂತ ಕೇಳಿದರೆ ಗಾಬರಿ ಬೇಡ, ಅದು ಸಾಲಗಾರನಿಗೆ ಮೂರನೆಯವರಿಂದ ಬರಬೇಕಾದ ಹಣವನ್ನು ತಡೆಹಿಡಿಯುವ ಆದೇಶ.

ಐದನೇ ಹೆಜ್ಜೆ: ನಮ್ಮ ಗುಡಿ, ನಮ್ಮ ಹಬ್ಬದ ಬಗ್ಗೆ ಬರೆಯುವಾಗ

ಇದು ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ಗುಡಿಗಳ ಗೋಪುರದ ಮೇಲೆ ಗಾರೆಯ ಗೊಂಬೆಗಳು, ನೀಲಿ, ಹಸಿರು, ಗುಲಾಬಿ ಬಣ್ಣ. ಹೊರಗಿನಿಂದ ಬಂದವರ ಪ್ರವಾಸ ಬರಹಗಳಲ್ಲಿ ಇವಕ್ಕೆ ‘ಗಾಡಿ’, ‘ಗೇರಿಶ್’ ಅನ್ನುವ ಪದ ಬಿದ್ದುಬಿಡುತ್ತದೆ. ಅದನ್ನು ಓದಿ ಓದಿ ನಾವೂ ಹಾಗೇ ಬರೆಯಲು ಶುರುಮಾಡುತ್ತೇವೆ. ಸ್ವಲ್ಪ ನಿಂತು ಯೋಚಿಸಿ. ಆ ಬಣ್ಣ ದೂರದಿಂದ, ಬಿಸಿಲಲ್ಲಿ, ಕೆಳಗೆ ನಿಂತು ನೋಡುವವರಿಗಾಗಿ ಬಳಿದದ್ದು. ಯಾವ ಗೊಂಬೆ ಯಾವ ದೇವರು ಅಂತ ಗುರುತು ಸಿಗಬೇಕು. ಕೃಷ್ಣನಿಗೆ ನೀಲಿ ಅನ್ನುವಂಥ ಲೆಕ್ಕ ಅದರಲ್ಲಿದೆ. ಬಿಳಿ ಗೋಡೆಯ ಕೋಣೆಯಲ್ಲಿ ಬೆಳೆದ ಅಭಿರುಚಿಯಿಂದ ಅದಕ್ಕೆ ಅಂಕ ಹಾಕುವುದು ಸರಿಯಲ್ಲ.

ಹಾಗಂತ ಹೊಗಳಲೇಬೇಕು ಅಂತಲೂ ಇಲ್ಲ. ‘ವಿವಿಡ್’ ಅನ್ನಿ, ‘ಬ್ರೈಟ್‌ಲಿ ಪೇಂಟೆಡ್’ ಅನ್ನಿ, ಉಕ್ಕುವ ಸಂಭ್ರಮ ಕಂಡರೆ ‘ಎಕ್ಸ್ಯೂಬರೆಂಟ್’ ಅನ್ನಿ. ಇವು ಕಂಡದ್ದನ್ನು ಹೇಳುತ್ತವೆ. ಹೊಸದಾಗಿ ಹಾಕಿದ ಎಲ್‌ಇಡಿ ಪ್ರಭಾವಳಿ ನಿಮಗೆ ನಿಜವಾಗಿಯೂ ಹಿಡಿಸದಿದ್ದರೆ ಆ ಪ್ರಭಾವಳಿಗೆ ‘ಗೇರಿಶ್’ ಅನ್ನಿ, ಇಡೀ ಗುಡಿಗೆ ಬೇಡ. ಕ್ಯಾಲೆಂಡರ್ ಚಿತ್ರ, ಪ್ಲಾಸ್ಟಿಕ್ ಗಣಪನ ಬಗ್ಗೆ ‘ಕಿಚ್’ ಅನ್ನುವ ಜರ್ಮನ್ ಪದ ಬಳಸುವವರು ಇದ್ದಾರೆ. ಕಲಾ ವಿಮರ್ಶೆಯಲ್ಲಿ ಅದಕ್ಕೆ ಜಾಗ ಇದೆ. ಆ ಚಿತ್ರಕ್ಕೆ ದಿನಾ ಹೂವಿಟ್ಟು ಕೈಮುಗಿಯುವವರ ಮನೆಯ ಬಗ್ಗೆ ಬರೆಯುವಾಗ ಇಲ್ಲ.

ಕೊನೆಯ ಹೆಜ್ಜೆ: ಒಂದೇ ದೃಶ್ಯವನ್ನು ನಾಲ್ಕು ಥರ ಬರೆದು ನೋಡಿ

ಅಭ್ಯಾಸಕ್ಕೆ ಒಂದು ಆರತಕ್ಷತೆಯ ವೇದಿಕೆ ತೆಗೆದುಕೊಳ್ಳಿ. ಹಿಂದೆ ಹೂವಿನ ಗೋಡೆ, ಅರ್ಧ ಗುಲಾಬಿ ಅರ್ಧ ಪ್ಲಾಸ್ಟಿಕ್. ನಡುವೆ ಚಿನ್ನದ ಬಣ್ಣ ಬಳಿದ ಕೆತ್ತನೆಯ ಸೋಫಾ. ಮೇಲೆ ಗಾಜಿನ ತೂಗುದೀಪ. ಎರಡು ಬದಿಯಲ್ಲಿ ಬಣ್ಣ ಬದಲಿಸುವ ಲೈಟು. ಮದುಮಗಳ ಸೀರೆಯಲ್ಲಿ ಅಂಗೈ ಅಗಲದ ಜರಿ ಅಂಚು.

ಮಂಟಪದವರ ಪರವಾಗಿ ಬರೆಯುವುದಾದರೆ: ಸೋಫಾ ‘ಆರ್ನೇಟ್’, ಹೂವಿನ ಗೋಡೆ ‘ಇಲಾಬೊರೇಟ್’, ಒಟ್ಟು ನೋಟ ‘ಆಪ್ಯುಲೆಂಟ್’. ವರದಿಗಾರರಾದರೆ: ಸಮಾರಂಭ ‘ಲ್ಯಾವಿಶ್’, ಸೀರೆ ‘ರಿಚ್‌ಲಿ ವೋವನ್’, ಅಲ್ಲಿಗೆ ನಿಲ್ಲಿ. ವಿನ್ಯಾಸ ಕಲಿಯುವ ವಿದ್ಯಾರ್ಥಿಯಾಗಿ ವಿಮರ್ಶೆ ಬರೆಯುವುದಾದರೆ: ಲೈಟು ‘ಗೇರಿಶ್’, ಪ್ಲಾಸ್ಟಿಕ್ ಹೂವು ‘ಟ್ಯಾಕಿ’, ಎಲ್ಲ ಸೇರಿ ಹಿನ್ನೆಲೆ ‘ಬಿಝಿ’. ಒಂದೇ ಜಾಗದಲ್ಲಿ ಕಣ್ಣಿಗೆ ತುಂಬಾ ಕೆಲಸ ಕೊಡುವ ವಿನ್ಯಾಸಕ್ಕೆ ಆ ಪದ. ನಾಲ್ಕನೆಯದು, ನೀವು ಆ ಮನೆಯ ನೆಂಟರಾಗಿ ಅಮೆರಿಕದ ಗೆಳತಿಗೆ ಬರೆಯುವುದಾದರೆ: ಹುಡುಗಿ ‘ರೇಡಿಯಂಟ್’, ಊಟ ‘ಸಂಪ್ಚುಯಸ್’. ಸೋಫಾದ ಸುದ್ದಿಯೇ ಬೇಡ.

ಬರೆದದ್ದನ್ನು ಕಳಿಸುವ ಮೊದಲು ಎರಡು ಪರೀಕ್ಷೆ ಮಾಡಿ. ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ನಿಘಂಟಿನಲ್ಲಿ ಪದ ಹುಡುಕಿ. ಅಂಥವುಗಳಲ್ಲಿ ತೆಗಳಿಕೆಯ ಪದಗಳಿಗೆ ಪಕ್ಕದಲ್ಲೇ ಗುರುತು ಹಾಕಿರುತ್ತಾರೆ, ಉದಾಹರಣೆ ವಾಕ್ಯವೂ ಇರುತ್ತದೆ. ಇನ್ನೊಂದು, ಆ ಮನೆಯ ಯಜಮಾನರ ಎದುರು ನಿಂತು ಈ ಪದ ಹೇಳಬಲ್ಲೆನಾ ಅಂತ ಕೇಳಿಕೊಳ್ಳಿ.

ಸೀರೆ, ಒಡವೆ ಮಾರುವವರಿಗೆ ಇನ್ನೊಂದು ಮಾತು. ‘ಗ್ರ್ಯಾಂಡ್ ಸ್ಯಾರಿ’, ‘ಹೆವಿ ವರ್ಕ್’, ‘ಫ್ಯಾನ್ಸಿ’ ಇವು ಬೆಂಗಳೂರಿನ ಗಿರಾಕಿಗೆ ಚೆನ್ನಾಗಿ ಅರ್ಥವಾಗುತ್ತವೆ, ಇಲ್ಲಿ ಬಳಸಿ. ಲಂಡನ್ನಿನ ಗಿರಾಕಿ ‘ಹೆವಿ’ ಅಂದರೆ ತೂಕ ಅಂದುಕೊಳ್ಳುತ್ತಾಳೆ. ಅವಳಿಗೆ ‘ರಿಚ್‌ಲಿ ಎಂಬ್ರಾಯ್ಡರ್ಡ್’ ಅಂತ ಬರೆಯಿರಿ. ‘ಗ್ರ್ಯಾಂಡ್’ ಬದಲು ‘ಫೆಸ್ಟಿವ್’ ಹಾಕಿ. ಜರಿ ಯಾವುದು, ಅಂಚು ಎಷ್ಟು ಅಗಲ, ಸೆರಗಿನಲ್ಲಿ ಏನಿದೆ ಅಂತ ಒಂದು ಸಾಲು ಸೇರಿಸಿ. ವಿವರ ಸರಿಯಾಗಿ ಇದ್ದರೆ ವಿಶೇಷ ಪದಗಳು ಎರಡೇ ಸಾಕಾಗುತ್ತವೆ.